ಸೂರ್ಯವಂಶದ ಸೊಸೆಯ ಪ್ರಶ್ನೆ: ರಾತ್ರಿಯ ಜೀವ ಬೆಳಗಿನ ಜೀವವಾಗಲು ಸಾಧ್ಯವೇ?

ಲೆಕ್ಕದವಳು, ದಾವಣಗೆರೆ (ಪ್ರಶ್ನೆ)

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಮೂರು ವರ್ಷಗಳ ಹಿಂದೆ ಮದುವೆಯಾಗಿ ದಾವಣಗೆರೆಗೆ ಬಂದೆ. ವಯಸ್ಸು 29. ಚೌಕಿಪೇಟೆ, ಮಂಡಿಪೇಟೆಗಳ ಹನ್ನೊಂದು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ಮತ್ತು ತಿಂಗಳು ತಿಂಗಳು ಅವರ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಅದನ್ನು ಮನೆಯಿಂದಲೇ ಮಾಡುತ್ತೇನೆ. ಮಾರಾಟದ ವಿವರಕ್ಕೆ 11ನೇ ತಾರೀಖು, ತೆರಿಗೆ ಕಟ್ಟುವ ರಿಟರ್ನ್‌ಗೆ 20ನೇ ತಾರೀಖು ಕಡೆಯ ದಿನವಾದ್ದರಿಂದ ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಆರುವ ದೀಪ ನನ್ನ ಕೋಣೆಯದು. ನಿಜ ಹೇಳಬೇಕೆಂದರೆ ಉಳಿದ ದಿನಗಳಲ್ಲಿಯೂ ಅದರದೇ ಕಡೆಯ ಸರದಿ.

ರಾತ್ರಿ ಹತ್ತು ಗಂಟೆಯಾದ ಮೇಲೆ ನನ್ನ ಬುದ್ಧಿ ತಾನಾಗಿ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಎರಡು ತಾಸು ಕುಳಿತರೂ ತಾಳೆಯಾಗದ ಲೆಕ್ಕ ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷದಲ್ಲಿ ತಾಳೆಯಾಗುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ನಾನು ಮನೆಯಲ್ಲಿ ಓಡಾಡುವುದು, ಮಾತನಾಡುವುದು, ಒಗ್ಗರಣೆ ಹಾಕುವುದು ಎಲ್ಲವೂ ನಡೆಯುತ್ತದೆ, ಆದರೆ ಅದನ್ನೆಲ್ಲ ಮಾಡುತ್ತಿರುವವಳು ನಾನೇ ಎಂಬ ನಂಬಿಕೆ ನನಗೆ ಇರುವುದಿಲ್ಲ.

ನಮ್ಮ ಅತ್ತೆಯವರು ನಾಲ್ಕೂವರೆಗೆ ಏಳುತ್ತಾರೆ. ಐದೂವರೆಯೊಳಗೆ ಅಂಗಳ ತೊಳೆದು, ರಂಗೋಲಿ ಹಾಕಿ, ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿರುತ್ತಾರೆ. ಅವರು ಒಂದು ದಿನವೂ ನನ್ನನ್ನು ಬೈದವರಲ್ಲ. ಅದನ್ನು ನಾನು ಮೊದಲೇ ಹೇಳಬೇಕು. ಆದರೆ ಪಕ್ಕದ ಮನೆಯವರು ಹೂವು ಕೊಡಲು ಬಂದಾಗ "ನಮ್ಮ ಸೊಸೆ ಸೂರ್ಯವಂಶದವಳು" ಎಂದು ನಗುತ್ತಾರೆ. ಮೈದುನ ನನಗೆ ನಿಶಾಚರಿ ಎಂದು ಹೆಸರಿಟ್ಟಿದ್ದಾನೆ. (ಇಂಗ್ಲಿಷಿನವರು ಇಂಥವರನ್ನು ಗೂಬೆ ಎಂದು ಪ್ರೀತಿಯಿಂದಲೇ ಕರೆಯುತ್ತಾರಂತೆ. ನಮ್ಮಲ್ಲಿ ಆ ಮಾತನ್ನು ಆಡಿದರೆ ಜಗಳವೇ ಆದೀತು.) ನಾನೂ ಅವರ ಜೊತೆಗೆ ನಗುತ್ತೇನೆ, ಆದರೆ ಮೊದಲ ವರ್ಷ ನಕ್ಕ ಹಾಗೆ ಮೂರನೆಯ ವರ್ಷ ನಗಲು ಆಗುವುದಿಲ್ಲ.

ಬದಲಾಗಲು ಪ್ರಯತ್ನಿಸಲಿಲ್ಲವೆಂದಲ್ಲ. ಕಳೆದ ಬೇಸಗೆಯಲ್ಲಿ ಮೂರು ಅಲಾರಂ ಇಟ್ಟುಕೊಂಡು ದಿನವೂ ಐದಕ್ಕೆ ಎದ್ದೆ. ಹದಿನೆಂಟನೆಯ ದಿನ ಒಬ್ಬರ ಅಂಗಡಿಯ ಖರೀದಿಯನ್ನು ಇನ್ನೊಬ್ಬರ ಖಾತೆಗೆ ಬರೆದುಬಿಟ್ಟೆ. ಅದು ಗೊತ್ತಾದ ದಿನ ಪ್ರಯೋಗವನ್ನು ನಿಲ್ಲಿಸಿದೆ. ಈಗಿನ ನನ್ನ ದಿನಚರಿ ಹೀಗಿದೆ: ರಾತ್ರಿ ಒಂಬತ್ತಕ್ಕೆ ಒಂದು ಲೋಟ ಕಾಫಿ, ಒಂದು ಗಂಟೆಗೆ ನಿದ್ರೆ, ಬೆಳಿಗ್ಗೆ 5.45ಕ್ಕೆ ಅಲಾರಂ. ಭಾನುವಾರ ಮಾತ್ರ ಯಾರೂ ಎಬ್ಬಿಸುವುದಿಲ್ಲವಾದ್ದರಿಂದ ಒಂದೂವರೆಗೆ ಮಲಗಿ ಒಂಬತ್ತೂವರೆಗೆ ಏಳುತ್ತೇನೆ, ಅಂದು ಮಧ್ಯಾಹ್ನ ತಲೆನೋವು ತಪ್ಪುವುದಿಲ್ಲ.

ಇದು ಹುಟ್ಟಿನಿಂದ ಬಂದದ್ದೋ, ಮಾಡಿಕೊಂಡದ್ದೋ? ಬದಲಾಗುವುದಾದರೆ ಎಷ್ಟರಮಟ್ಟಿಗೆ ಬದಲಾದೀತು? ಬದಲಾಗದು ಎಂದಾದರೆ ಅದನ್ನು ಮನೆಯಲ್ಲಿ ಹೇಗೆ ಹೇಳುವುದು? "ಮನಸ್ಸು ಮಾಡಿದರೆ ಆಗುತ್ತದೆ" ಎಂಬ ಉತ್ತರವನ್ನು ಈಗಾಗಲೇ ಬಹಳ ಜನರಿಂದ ಕೇಳಿದ್ದೇನೆ, ದಯವಿಟ್ಟು ಅದೊಂದು ಬೇಡ.

ಹಳೆಯ ಪಾಳಿಯವನು

ತಾಯಿ, ನಾನು ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ನೂಲುವ ವಿಭಾಗದಲ್ಲಿ ದುಡಿದವನು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಮಿಲ್ಲಿನ ಸೈರನ್ನೇ ಊರಿಗೆ ಗಡಿಯಾರವಾಗಿತ್ತು. ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ಒಲೆ ಹಚ್ಚಬೇಕೆಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ಮೂರು ಪಾಳಿಗಳಿದ್ದವು, ವಾರಕ್ಕೊಮ್ಮೆ ಬದಲಾಗುತ್ತಿದ್ದವು.

ನಿಮ್ಮ ಪ್ರಶ್ನೆಗೆ ನಾನು ಓದಿದ್ದರಿಂದಲ್ಲ, ಕಂಡದ್ದರಿಂದ ಉತ್ತರ ಹೇಳುತ್ತೇನೆ. ನನ್ನ ಪಕ್ಕದ ಯಂತ್ರದಲ್ಲಿ ನನ್ನದೇ ವಯಸ್ಸಿನ ಒಬ್ಬ ಗೆಳೆಯನಿದ್ದ. ಇಬ್ಬರಿಗೂ ಅದೇ ಕೆಲಸ, ಅದೇ ಕೂಲಿ, ಹೆಚ್ಚು ಕಡಿಮೆ ಅದೇ ಊಟ. ನನಗೆ ಬೆಳಗಿನ ಪಾಳಿ ಹಬ್ಬವಿದ್ದಂತೆ. ರಾತ್ರಿ ಪಾಳಿಯಲ್ಲಿ ಮೂರು ಗಂಟೆಯಾಯಿತೆಂದರೆ ಎಳೆ ಕಡಿದದ್ದು ಕಣ್ಣಿಗೆ ಕಾಣುತ್ತಿದ್ದರೂ ಕೈ ಮುಂದೆ ಹೋಗುತ್ತಿರಲಿಲ್ಲ. ಅವನದು ಪೂರ್ತಿ ಉಲ್ಟಾ. ಸರಹೊತ್ತಿನಲ್ಲಿ ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದವನು ಬೆಳಗಿನ ಪಾಳಿಯಲ್ಲಿ ಯಾರನ್ನೂ ಮಾತನಾಡಿಸುತ್ತಿರಲಿಲ್ಲ. ಕೊನೆಗೆ ನಮ್ಮ ಜಾಬರ್, ಅಂದರೆ ವಿಭಾಗದ ಮೇಸ್ತ್ರಿ, ಕಣ್ಣು ಮುಚ್ಚಿಕೊಂಡು ನಮ್ಮಿಬ್ಬರ ಪಾಳಿಯನ್ನು ಅದಲುಬದಲು ಮಾಡಿಕೊಳ್ಳಲು ಬಿಟ್ಟರು. ಆಮೇಲೆ ಇಬ್ಬರ ದಾರದಲ್ಲಿಯೂ ತಪ್ಪು ಕಡಿಮೆಯಾಯಿತು. ಇಪ್ಪತ್ತೆರಡು ವರ್ಷ ಪಾಳಿ ತಿರುಗಿದರೂ ಅವನು ನಾನಾಗಲಿಲ್ಲ, ನಾನು ಅವನಾಗಲಿಲ್ಲ. ಮನುಷ್ಯರಲ್ಲಿ ಭೇದವಿದೆ ಎಂಬುದಕ್ಕೆ ನನಗೆ ಇಷ್ಟು ಸಾಕು.

ಇನ್ನೊಂದು ಮಾತು. ನನಗೀಗ 71. ಬೇಡವೆಂದರೂ ನಾಲ್ಕಕ್ಕೆ ಎಚ್ಚರವಾಗುತ್ತದೆ. ಮೊಮ್ಮಕ್ಕಳ ಎದುರು ಇದನ್ನು ಶಿಸ್ತು ಎಂದು ಹೇಳಿಕೊಳ್ಳಬಹುದು, ಆದರೆ ಅದು ವಯಸ್ಸು. ನಿಮ್ಮ ಅತ್ತೆಯವರು ಎಷ್ಟು ಗಂಟೆಗೆ ಮಲಗುತ್ತಾರೆಂದು ನೀವು ಬರೆದಿಲ್ಲ. ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಏಳುವವರು ನಿಮಗಿಂತ ಹೆಚ್ಚು ನಿದ್ರೆ ಮಾಡುತ್ತಿದ್ದಾರೆ.

ಅರುಣೋದಯ

ಕಟುವಾಗಿ ಬರೆಯುತ್ತಿದ್ದೇನೆಂದು ಭಾವಿಸಬೇಡಿ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆ ಹೊತ್ತಿನ ಗಾಳಿ, ಆ ಹೊತ್ತಿನ ಮೌನ, ಆ ಹೊತ್ತಿನ ಬುದ್ಧಿ ಬೇರೆಯೇ. ನಾನು ಹದಿನೈದು ವರ್ಷಗಳಿಂದ ಐದರೊಳಗೆ ಎದ್ದು ನಡಿಗೆಗೆ ಹೋಗುತ್ತಿದ್ದೇನೆ. ಮೊದಲ ಎರಡು ತಿಂಗಳು ಕಷ್ಟವಾಯಿತು, ಆಮೇಲೆ ದೇಹವೇ ಒಗ್ಗಿಕೊಂಡಿತು. ಹದಿನೆಂಟು ದಿನಕ್ಕೆ ಬಿಟ್ಟುಕೊಟ್ಟರೆ ಯಾವ ಅಭ್ಯಾಸವೂ ನಿಲ್ಲದು.

ಶರೀರಕ್ರಿಯೆಯ ಮೇಷ್ಟ್ರು, ದಾವಣಗೆರೆ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದೇ ವಿಷಯವನ್ನು ಪಾಠ ಮಾಡುವವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗುಂಪು ಇದೆ. ದೇಹದ ಗಡಿಯಾರವೆಂದರೆ ಅದು. ಹೊರಗಿನ ಬೆಳಕಿನ ಸುಳಿವೇ ಇಲ್ಲದಂತೆ ಮನುಷ್ಯನನ್ನು ಇರಿಸಿ ನೋಡಿದರೆ ಆ ಗಡಿಯಾರ ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಂದರೆ ಬಹುಪಾಲು ಜನರ ಗಡಿಯಾರ ಸುಮ್ಮನೆ ಬಿಟ್ಟರೆ ದಿನದಿನಕ್ಕೂ ತಡವಾಗುತ್ತ ಹೋಗುವಂಥದ್ದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಹಿಂದಕ್ಕೆ ಸರಿಹೊಂದುತ್ತದೆ. ಈ ಸುತ್ತಿನ ಉದ್ದ ಎಲ್ಲರಲ್ಲಿಯೂ ಒಂದೇ ಇರುವುದಿಲ್ಲ. ಉದ್ದ ಹೆಚ್ಚಿದ್ದವರು ರಾತ್ರಿಯ ಕಡೆಗೂ ಕಡಿಮೆ ಇದ್ದವರು ಬೆಳಗಿನ ಕಡೆಗೂ ವಾಲುತ್ತಾರೆ. ಮಿಲ್ಲಿನ ಹಿರಿಯರು ಕಂಡ ಇಬ್ಬರು ಗೆಳೆಯರ ಭೇದ ಇಲ್ಲಿಂದ ಬಂದದ್ದು.

ಇದು ಹುಟ್ಟಿನ ಗುಣವೂ ಹೌದೆಂದು ಮೊದಲು ತೋರಿಸಿಕೊಟ್ಟದ್ದು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. 1971ರಲ್ಲಿ ರೊನಾಲ್ಡ್ ಕೊನೊಪ್ಕ ಮತ್ತು ಸೀಮೋರ್ ಬೆಂಜರ್ ಎಂಬ ವಿಜ್ಞಾನಿಗಳು ಒಂದೇ ವಂಶವಾಹಿಯಲ್ಲಿ ಆದ ಬದಲಾವಣೆಗಳಿಂದ ಕೆಲವು ನೊಣಗಳ ದಿನ 19 ಗಂಟೆಗೆ ಇಳಿದದ್ದನ್ನೂ ಕೆಲವದರದು 28 ಗಂಟೆಗೆ ಏರಿದ್ದನ್ನೂ ಕಂಡರು. 1984ರಲ್ಲಿ ಆ ವಂಶವಾಹಿಯನ್ನು ಪ್ರತ್ಯೇಕಿಸಿ, ಮುಂದೆ ಅದರ ಕೆಲಸವನ್ನು ಬಿಡಿಸಿ ಹೇಳಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂತು. ತಡವಾಗಿ ಏಳುವ ನೊಣವನ್ನು ಸೋಮಾರಿ ಎಂದು ಬೈಯುವವರು ಯಾರೂ ಇರಲಿಲ್ಲವೆಂಬುದು ಈ ಸಂಶೋಧನೆಗೆ ಒಂದು ಅನುಕೂಲವೇ ಆಗಿರಬೇಕು.

ಆದರೆ ತಾವು ಈ ಸಂಗತಿಯನ್ನು ಹಿಡಿದುಕೊಂಡು ಅತ್ತೆಯವರ ಮುಂದೆ ಹೋಗುವ ಮೊದಲು ಇನ್ನೊಂದನ್ನೂ ಕೇಳಬೇಕು. 2019ರಲ್ಲಿ ಹೆಚ್ಚುಕಡಿಮೆ ಏಳು ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿದ ಒಂದು ಅಧ್ಯಯನ ಬೆಳಗಿನ ಸ್ವಭಾವಕ್ಕೆ ಸಂಬಂಧಿಸಿದ 351 ವಂಶವಾಹಿ ನೆಲೆಗಳನ್ನು ಗುರುತಿಸಿತು. ಅವುಗಳಲ್ಲಿ ಬೆಳಗಿನ ಗುಣವನ್ನು ಅತಿ ಹೆಚ್ಚು ಹೊತ್ತ ನೂರಕ್ಕೆ ಐದು ಜನರಿಗೂ ಅತಿ ಕಡಿಮೆ ಹೊತ್ತ ನೂರಕ್ಕೆ ಐದು ಜನರಿಗೂ ನಿದ್ರೆಯ ಸಮಯದಲ್ಲಿ ಕಂಡ ಸರಾಸರಿ ಅಂತರ 25 ನಿಮಿಷ. ನಿಮ್ಮ ಮನೆಯಲ್ಲಿ ನಿಮಗೂ ಅತ್ತೆಯವರಿಗೂ ಇರುವ ಅಂತರವನ್ನು ಇದರಿಂದ ಮಾತ್ರ ವಿವರಿಸಲಾಗದು. ಉಳಿದದ್ದು ವಯಸ್ಸು, ಬೆಳಕು, ಕೆಲಸ. ಹದಿಹರೆಯದಲ್ಲಿ ಎಲ್ಲರ ಗಡಿಯಾರವೂ ತಡವಾಗುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗಿರುತ್ತದೆ, ಅಲ್ಲಿಂದ ಮುಂದೆ ವರ್ಷ ವರ್ಷಕ್ಕೂ ಬೆಳಗಿನ ಕಡೆಗೆ ಸರಿಯುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ, ನೀವು ಲೆಕ್ಕದವರೇ. ಜರ್ಮನಿಯ ಮ್ಯೂನಿಕ್‌ನಲ್ಲಿ ರೂಪುಗೊಂಡ ಒಂದು ಪದ್ಧತಿಯಲ್ಲಿ ಒಬ್ಬರು ಎಷ್ಟು ಹೊತ್ತಿಗೆ ಏಳುತ್ತಾರೆಂದು ನೋಡುವುದಿಲ್ಲ, ಬಿಡುವಿನ ದಿನ ಅವರ ನಿದ್ರೆಯ ನಡುಬಿಂದು ಎಲ್ಲಿ ಬೀಳುತ್ತದೆಂದು ನೋಡುತ್ತಾರೆ. ನಿಮ್ಮ ಭಾನುವಾರದ ನಡುಬಿಂದು 5.30. ಉಳಿದ ದಿನಗಳದು 3.22. ಎರಡು ತಾಸಿಗೂ ಮೀರಿದ ಈ ವ್ಯತ್ಯಾಸವೆಂದರೆ, ಪ್ರತಿ ಶನಿವಾರ ರಾತ್ರಿ ನೀವು ಎರಡು ತಾಸು ಹಿಂದಿರುವ ಯಾವುದೋ ದೇಶಕ್ಕೆ ಹೋಗಿ ಸೋಮವಾರ ಬೆಳಿಗ್ಗೆ ದಾವಣಗೆರೆಗೆ ವಾಪಸಾದಂತೆ. ಭಾನುವಾರದ ತಲೆನೋವಿನಲ್ಲಿ ಇದರದೂ ಪಾಲಿರಬಹುದು.

ಆದರೆ 5.30 ಎಂಬುದು ನಿಮ್ಮ ನಿಜವಾದ ಸ್ವಭಾವವಲ್ಲ, ಏಕೆಂದರೆ ಭಾನುವಾರ ನೀವು ವಾರದ ನಿದ್ರೆಯ ಸಾಲವನ್ನೂ ತೀರಿಸುತ್ತಿರುತ್ತೀರಿ. ಅದನ್ನು ಕಳೆಯಬೇಕು. ಆರು ರಾತ್ರಿ ನಾಲ್ಕೂಮುಕ್ಕಾಲು ತಾಸು, ಒಂದು ರಾತ್ರಿ ಎಂಟು ತಾಸು; ವಾರದ ಸರಾಸರಿ ಐದೂಕಾಲು ತಾಸಿಗೂ ತುಸು ಕಡಿಮೆ. ಭಾನುವಾರದ ನಿದ್ರೆ ಸರಾಸರಿಗಿಂತ 2 ಗಂಟೆ 47 ನಿಮಿಷ ಹೆಚ್ಚು. ಅದರ ಅರ್ಧವನ್ನು 5.30ರಿಂದ ಕಳೆದರೆ ಉಳಿಯುವುದು 4 ಗಂಟೆ 7 ನಿಮಿಷ. ಈ ಪದ್ಧತಿಯಲ್ಲಿ ನಾಲ್ಕರ ಆಸುಪಾಸು ಎಂದರೆ ನಡುವಿನ ಗುಂಪು, ತುದಿಯಲ್ಲ. ಜೊತೆಗೆ ನಮ್ಮ ಗಡಿಯಾರಗಳು ಹೇಳುವುದು 82.5 ಡಿಗ್ರಿ ರೇಖಾಂಶದ ಸಮಯವನ್ನು. ದಾವಣಗೆರೆ ಇರುವುದು 76 ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ಸರಾಸರಿ 26 ನಿಮಿಷ ಹಿಂದೆ ಇದ್ದಾನೆ. ಸೂರ್ಯನ ಲೆಕ್ಕದಲ್ಲಿ ನಿಮ್ಮ ನಡುಬಿಂದು 3.41.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀವು ಹುಟ್ಟು ನಿಶಾಚರಿಯಲ್ಲ. ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಕೆಲಸ ಶುರುವಾಗುವ, ನಿದ್ರೆ ಸಾಲದ, ಒಬ್ಬ ಸಾಧಾರಣ ಮನುಷ್ಯರು. ರಾತ್ರಿ ಬುದ್ಧಿ ತೆರೆಯುತ್ತದೆ ಎಂದಿರಿ. ದಿನವೂ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ತಾಸು ದೇಹದ ಗಡಿಯಾರ ಎಲ್ಲರನ್ನೂ ಎಚ್ಚರವಾಗಿಡುವ ಹೊತ್ತು; ಅದಕ್ಕೆ ಮನೆಯ ಮೌನ ಸೇರಿತು, ಒಂಬತ್ತರ ಕಾಫಿ ಸೇರಿತು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ತಾಸಿನ ನಂತರವೂ ರಕ್ತದಲ್ಲಿ ಉಳಿದಿರುತ್ತದೆ.

ಏನು ಮಾಡಬಹುದು? ಅಲಾರಂ ಹಿಂದಕ್ಕೆ ಸರಿಸಿದರೆ ಗಡಿಯಾರ ಸರಿಯುವುದಿಲ್ಲ, ಬೆಳಕು ಸರಿಸಿದರೆ ಸರಿಯುತ್ತದೆ. 2013ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಎಂಟು ಜನರನ್ನು ಒಂದು ವಾರ ವಿದ್ಯುತ್ ದೀಪವಿಲ್ಲದೆ ಬೆಟ್ಟದಲ್ಲಿ ಡೇರೆ ಹಾಕಿ ಇರಿಸಿದಾಗ ಅವರ ದೇಹದ ರಾತ್ರಿ ಸುಮಾರು ಎರಡು ತಾಸು ಮೊದಲೇ ಆರಂಭವಾಗತೊಡಗಿತು, ಮೊದಲಿನಿಂದ ತಡವಾಗಿದ್ದವರದು ಇನ್ನೂ ಹೆಚ್ಚು ಸರಿಯಿತು. ನೀವು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿ ಡೇರೆ ಹಾಕಬೇಕಾಗಿಲ್ಲ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಬೆಳಕು. ಬಿಸಿಲೇರಿದ ತಾರಸಿಯ ಮೇಲೆ ಅದು ಹತ್ತು ಸಾವಿರ ದಾಟುತ್ತದೆ. ಎದ್ದ ಮೇಲೆ ಅರ್ಧ ತಾಸು ಹೊರಗಿರಿ. ಸಂಜೆ ಎಂಟರ ನಂತರ ದೊಡ್ಡ ದೀಪ ಆರಿಸಿ ಸಣ್ಣದನ್ನು ಹಚ್ಚಿ. ಕಾಫಿ ಮಧ್ಯಾಹ್ನಕ್ಕೆ ನಿಲ್ಲಲಿ. ಮಲಗುವ ಹೊತ್ತನ್ನು ನಾಲ್ಕೈದು ದಿನಕ್ಕೊಮ್ಮೆ ಕಾಲು ತಾಸಿನಂತೆ ಹಿಂದಕ್ಕೆ ತನ್ನಿ. ಭಾನುವಾರ ಒಂದು ತಾಸಿಗಿಂತ ಹೆಚ್ಚು ತಡಮಾಡಬೇಡಿ. ಇದು ಎಲ್ಲಕ್ಕಿಂತ ಕಷ್ಟದ್ದು. ಒಂದರಿಂದ ಒಂದೂವರೆ ತಾಸು ಹಿಂದೆ ಬರಬಹುದು. ನಾಲ್ಕೂವರೆಗೆ ಏಳುವ ಆಸೆಯನ್ನು ಬಿಟ್ಟುಬಿಡಿ. ವಯಸ್ಕರಿಗೆ ಏಳು ತಾಸಾದರೂ ನಿದ್ರೆ ಬೇಕು, ಆ ಏಳು ತಾಸು ಗಡಿಯಾರದ ಯಾವ ಮನೆಯಲ್ಲಿ ಬೀಳುತ್ತದೆ ಎಂಬುದು ಎರಡನೆಯ ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಮೂರು ನಾಲ್ಕು ಗಂಟೆಯವರೆಗೆ ನಿದ್ರೆ ಬಾರದಿದ್ದರೆ ಆಗ ವೈದ್ಯರನ್ನು ಕಾಣಬೇಕು; ಯಾರದೋ ಮಾತು ಕೇಳಿ ನಿದ್ರೆಗೆಂದು ಮೆಲಟೋನಿನ್ ಎಂಬ ಹಾರ್ಮೋನಿನ ಮಾತ್ರೆ ತಂದು ನುಂಗಬೇಡಿ.

ಅರುಣೋದಯ ಅವರಿಗೂ ಒಂದು ಮಾತು. ಬೇಗ ಏಳಲು ಹೇಳುವ ಆಯುರ್ವೇದದ ಸೂತ್ರ ಆ ಮಾತನ್ನು ಸ್ವಸ್ಥನಾದವನಿಗೆ ಹೇಳುತ್ತದೆ, ಉಂಡದ್ದು ಅರಗಿದೆಯೇ ಎಂದು ನೋಡಿಕೊಂಡು ಏಳು ಎಂದೂ ಇನ್ನೊಂದು ಕಡೆ ಇದೆ. ಇನ್ನು ಗಣಿತ: ಒಂದು ಮುಹೂರ್ತ 48 ನಿಮಿಷ, ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಬ್ರಾಹ್ಮೀ ಮುಹೂರ್ತ ಆರಂಭವಾಗಿ 48 ನಿಮಿಷ ಇರುವಾಗ ಮುಗಿಯುತ್ತದೆ. ಜನವರಿಯಲ್ಲಿ ದಾವಣಗೆರೆಯಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು. ಆಗ ಆ ಮುಹೂರ್ತ ಸುಮಾರು 5.15ರಿಂದ ಆರರವರೆಗೆ. ಈ ತಾಯಿಯ 5.45ರ ಅಲಾರಂ ಅದರೊಳಗೇ ಬರುತ್ತದೆ, ಅತ್ತೆಯವರೇ ಮುಕ್ಕಾಲು ತಾಸು ಮುಂಚೆ ಎದ್ದಂತಾಯಿತು.

ಅರುಣೋದಯ

ಗಣಿತವನ್ನು ಒಪ್ಪಿದೆ. ನಾನು ರಾತ್ರಿ ಒಂಬತ್ತೂಕಾಲಕ್ಕೆ ಮಲಗುತ್ತೇನೆಂಬುದನ್ನು ಬರೆಯಬೇಕಿತ್ತು, ಬರೆಯಲಿಲ್ಲ.

ಈರುಳ್ಳಿ ಹೊಲದವನು, ಹಿರಿಯೂರು

ಮೇಷ್ಟ್ರು ಹೇಳಿದ್ದು ದೇಹದ ಮಾತು. ನಾನು ಮರ್ಯಾದೆಯ ಮಾತನ್ನು ಹೇಳುತ್ತೇನೆ, ಏಕೆಂದರೆ ಈ ಸಹೋದರಿಯ ಪ್ರಶ್ನೆಯಲ್ಲಿ ಅರ್ಧ ಅದೇ ಇದೆ.

ನಮ್ಮ ಕಡೆ ಕೊಳವೆಬಾವಿಗೆ ತ್ರೀಫೇಸ್ ಕರೆಂಟ್ ಕೆಲವು ದಿನ ಹಗಲು, ಕೆಲವು ದಿನ ರಾತ್ರಿ ಬರುತ್ತದೆ. ರಾತ್ರಿಯ ಸರದಿ ಬಂದರೆ ಹನ್ನೆರಡಕ್ಕೋ ಒಂದಕ್ಕೋ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ, ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ, ಕಾಲ ಕೆಳಗೆ ಹಾವು ಚೇಳು ಇದೆಯೇ ಎಂದು ನೋಡಿಕೊಳ್ಳುತ್ತ, ಕರೆಂಟ್ ಹೋಗುವವರೆಗೆ ನಿಂತಿರಬೇಕು. ಮರುದಿನ ನಾನು ಎಂಟು ಗಂಟೆಗೆ ಜಗುಲಿಯ ಮೇಲೆ ಮಲಗಿದ್ದರೆ ದಾರಿಯಲ್ಲಿ ಹೋಗುವವರು "ರಾತ್ರಿ ನೀರಿಗೆ ಹೋಗಿದ್ದ, ಎಬ್ಬಿಸಬೇಡಿ" ಎಂದು ದನಿ ತಗ್ಗಿಸುತ್ತಾರೆ. ನನ್ನ ಹೆಂಡತಿ ಅದೇ ರಾತ್ರಿ ಎರಡರವರೆಗೆ ಕೂತು ಮಗಳ ಮದುವೆಗೆ ಕುಪ್ಪಸ ಹೊಲಿದಿದ್ದಳು, ಬೆಳಿಗ್ಗೆ ಆರೂವರೆಗೆ ಎದ್ದಳು. ನನ್ನ ತಾಯಿ ಅವಳಿಗೆ ಏನೆಂದಳೋ ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಮನೆ, ಒಂದೇ ರಾತ್ರಿ.

ನನ್ನ ರಾತ್ರಿಗೆ ಸಾಕ್ಷಿಯಾಗಿ ನೆನೆದ ಹೊಲವಿತ್ತು, ಕಾಲಿನ ಕೆಸರಿತ್ತು. ಮಾನಿಟರಿನ ಮುಂದೆ ಕೂತವರ ರಾತ್ರಿಗೆ ಅಂಥ ಸಾಕ್ಷಿ ಇಲ್ಲ. ನಿಮ್ಮ ಅತ್ತೆಯವರಿಗೆ ನೀವು ಆ ಹೊತ್ತಿನಲ್ಲಿ ಏನು ಮಾಡುತ್ತೀರಿ, ಅದರಿಂದ ಮನೆಗೆ ಎಷ್ಟು ಬರುತ್ತದೆ, 20ನೇ ತಾರೀಖು ತಪ್ಪಿದರೆ ಅಂಗಡಿಯವರಿಗೆ ಎಷ್ಟು ದಂಡ ಬೀಳುತ್ತದೆ ಎಂಬುದು ಗೊತ್ತಿದೆಯೇ? ಒಂದು ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ದುರ್ಗದ ಅತ್ತೆ

ನಮ್ಮ ಊರಿನ ಮಗಳೇ, ನಾನೂ ಒಬ್ಬ ಅತ್ತೆ, ವಯಸ್ಸು 63. ನನ್ನ ಸೊಸೆಯೂ ಏಳೂವರೆಗೆ ಏಳುವವಳು. ಆದ್ದರಿಂದ ಆಚೆ ಕಡೆಯ ಮಾತನ್ನು ನಾನು ಹೇಳಬಹುದೆಂದು ತೋರಿತು.

ನಾವು ನಾಲ್ಕೂವರೆಗೆ ಏಳುವುದು ಹೇಗೆ ಶುರುವಾಯಿತೆಂದು ಯಾರೂ ಕೇಳುವುದಿಲ್ಲ. ನಾನು ಸೊಸೆಯಾಗಿ ಬಂದಾಗ ನಮ್ಮ ಓಣಿಗೆ ನಲ್ಲಿ ನೀರು ಬರುತ್ತಿದ್ದದ್ದು ಕೆಲವು ದಿನಗಳಿಗೊಮ್ಮೆ, ಅದೂ ನಸುಕಿನಲ್ಲಿ. ಬಂದ ದಿನ ಎದ್ದು ಹಂಡೆ, ಕೊಡ, ತೊಟ್ಟಿ ತುಂಬದಿದ್ದರೆ ಮುಂದಿನ ಸರದಿಯವರೆಗೆ ಇಡೀ ಮನೆ ಪರದಾಡಬೇಕಿತ್ತು. ಯಾವ ದಿನ ಬರುತ್ತದೆಂದು ನಿಶ್ಚಯವಿಲ್ಲದ್ದರಿಂದ ಎಲ್ಲ ದಿನವೂ ಎದ್ದೆ. ಇಂದು ತಾರಸಿಯ ಮೇಲೆ ಟ್ಯಾಂಕ್ ಇದೆ, ಮೋಟಾರ್ ಇದೆ, ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತದೆ. ಅದನ್ನು ಈಗ ನಾವು ಸಂಸ್ಕಾರ ಎನ್ನುತ್ತೇವೆ. ನಮ್ಮ ಸಂಸ್ಕಾರಕ್ಕೆ ಕಾರಣ ನಲ್ಲಿ.

ಆದರೆ ಇನ್ನೊಂದು ಗುಟ್ಟೂ ಇದೆ. ಮದುವೆಯಾದ ಮೇಲೆ ನನಗೆಂದು ಸಿಕ್ಕ ಒಂದೇ ಒಂದು ತಾಸು ಅದು. ಐದರಿಂದ ಆರರವರೆಗೆ ಯಾರೂ ನನ್ನನ್ನು ಕರೆಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ನಿನಗೆ ರಾತ್ರಿ ಹನ್ನೊಂದು ಹೇಗೋ ನಮಗೆ ಬೆಳಗಿನ ಐದು ಹಾಗೆ. ನಿಮ್ಮ ಅತ್ತೆಗೆ ನೀನು ಬೇಗ ಎದ್ದು ಅಡುಗೆಮನೆಗೆ ಬರುವುದು ನಿಜವಾಗಿ ಬೇಕೋ, ಇಲ್ಲ ಬರುತ್ತಿಲ್ಲ ಎಂದು ಹೇಳಿಕೊಳ್ಳುವುದಷ್ಟೇ ಬೇಕೋ, ಮೊದಲು ತಿಳಿದುಕೋ. ನನ್ನ ಸೊಸೆ ಒಂದು ಸಲ ಐದಕ್ಕೆ ಎದ್ದು ಬಂದು ಪಾತ್ರೆ ಸದ್ದು ಮಾಡಿದಾಗ ನನಗೆ ಸಿಟ್ಟೇ ಬಂದಿತ್ತು.

ನಮ್ಮ ಮನೆಯಲ್ಲಿ ಈಗ ರಾತ್ರಿಯ ಕೆಲಸ ಪೂರ್ತಿ ಅವಳದು. ಅಕ್ಕಿ ಬೇಳೆ ನೆನೆಹಾಕುವುದು, ದೋಸೆ ಹಿಟ್ಟು ರುಬ್ಬಿ ಇಡುವುದು, ಹಾಲಿಗೆ ಹೆಪ್ಪು ಹಾಕುವುದು, ಕಾಳು ಕಟ್ಟುವುದು, ಸೊಪ್ಪು ಬಿಡಿಸುವುದು, ಕಟ್ಟೆ ಒರೆಸಿ ಬಾಗಿಲು ನೋಡುವುದು. ಬೆಳಗಿನದು ನನ್ನದು. ಎದ್ದಾಗ ಹಿಟ್ಟು ಉಬ್ಬಿರುತ್ತದೆ, ಹುರುಳಿಕಾಳು ಮೊಳಕೆ ಬಂದಿರುತ್ತದೆ. ಅವಳು ಮಲಗಿರುವಾಗಲೂ ಅವಳು ಮಾಡಿದ ಕೆಲಸ ನನ್ನ ಕಣ್ಣ ಮುಂದೆ ಇರುತ್ತದೆ.

ಲೆಕ್ಕದವಳು, ದಾವಣಗೆರೆ (ಐದು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೇಷ್ಟ್ರೇ, ನನ್ನ ನಿದ್ರೆಗೆ ನೀವು ಮಾಡಿದ ಲೆಕ್ಕವನ್ನು ನಾನೂ ಮತ್ತೆ ಹಾಕಿ ನೋಡಿದೆ, ತಾಳೆಯಾಯಿತು. ಮೂರು ವರ್ಷ ನಾನು ಹೀಗೆಯೇ ಹುಟ್ಟಿದವಳೆಂದು ನಂಬಿದ್ದೆ. ಹಾಗಲ್ಲವೆಂದು ತಿಳಿದಾಗ ಸಮಾಧಾನಕ್ಕಿಂತ ಮೊದಲು ಸ್ವಲ್ಪ ನಿರಾಸೆಯೇ ಆಯಿತು, ಏಕೆಂದರೆ ಹುಟ್ಟುಗುಣ ಎಂಬ ಉತ್ತರವನ್ನು ನಾನು ಒಳಗೊಳಗೇ ಬಯಸಿದ್ದೆ. ಅಂಗಡಿಯವರು ಬಾಗಿಲು ಹಾಕಿದ ಮೇಲೆ ಒಂಬತ್ತೂವರೆಗೆ ಮೊಬೈಲಿನಲ್ಲಿ ಬಿಲ್ಲುಗಳ ಚಿತ್ರ ಕಳಿಸುತ್ತಿದ್ದರು, ನಾನು ಕಾಯುತ್ತಿದ್ದೆ. ನನ್ನ ರಾತ್ರಿಯ ಅರ್ಧ ಅಲ್ಲಿಂದ ಬಂದದ್ದು. ಮರುದಿನ ಹನ್ನೊಂದರೊಳಗೆ ಕಳಿಸಿದರೆ ಸಾಕೆಂದು ಹನ್ನೊಂದು ಜನಕ್ಕೂ ಹೇಳಿದೆ. ಏಳು ಜನ ಒಪ್ಪಿದರು, ಮೂವರು ಒಪ್ಪಿ ಮರೆತರು, ಒಬ್ಬರು ರಾತ್ರಿಯೇ ಕಳಿಸುತ್ತೇನೆ ಎಂದರು.

ಈಗ ಮಲಗುವುದು 11.40ಕ್ಕೆ, ಏಳುವುದು 6.15ಕ್ಕೆ. ಏಳು ತಾಸು ಇನ್ನೂ ಆಗಿಲ್ಲ. ಭಾನುವಾರ ಏಳೂವರೆಗೆ ಏಳುತ್ತೇನೆ, ತಲೆನೋವು ಐದು ಭಾನುವಾರಗಳಲ್ಲಿ ಒಮ್ಮೆ ಮಾತ್ರ ಬಂತು. 18, 19, 20ನೇ ತಾರೀಖುಗಳಲ್ಲಿ ಎಲ್ಲವೂ ಮುರಿದುಬಿದ್ದು ಒಂದೂವರೆಯಾಯಿತು. ಅದನ್ನು ಸರಿಪಡಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಕಾಫಿ ಬಿಡುವುದು ನಿದ್ರೆ ಬದಲಿಸುವುದಕ್ಕಿಂತ ಕಷ್ಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಹಿರಿಯೂರಿನ ಅಣ್ಣನವರು ಹೇಳಿದಂತೆ 19ರ ರಾತ್ರಿ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಹತ್ತೂವರೆಯವರೆಗೆ ಕೂತು, ಯಾವ ಅಂಗಡಿಯವರು ಎಷ್ಟು ವ್ಯಾಪಾರ ಮಾಡುತ್ತಾರೆಂದು ಕೇಳಿದರು. ಅದನ್ನು ಹೇಳುವಂತಿಲ್ಲ ಎಂದೆ. ಅವರಿಗೆ ಅದು ಬಹಳ ಮೆಚ್ಚುಗೆಯಾಯಿತು. ಮರುದಿನ ಪಕ್ಕದ ಮನೆಯವರಿಗೆ "ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ" ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಸೂರ್ಯವಂಶದ ಮಾತು ಪೂರ್ತಿ ನಿಂತಿಲ್ಲ. ದುರ್ಗದ ಅಮ್ಮನವರೇ, ಐದರ ಹೊತ್ತು ನಿಮಗೆ ಇಷ್ಟವೇ ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಆದರೆ ಇನ್ನು ಮೇಲೆ ನೀನು ಆರೂಕಾಲಕ್ಕೇ ಬಾ, ಅದಕ್ಕೆ ಮುಂಚೆ ಬೇಡ ಎಂದರು. ದೋಸೆ ಹಿಟ್ಟು ಈಗ ನನ್ನ ಪಾಲಿನ ಕೆಲಸ.

ಮೇಷ್ಟ್ರಿಗೆ ಒಂದು ಪ್ರಶ್ನೆ ಉಳಿದಿದೆ. ಈಗ ನವೆಂಬರ್ ಕೊನೆ, ಸೂರ್ಯ ಹುಟ್ಟುವುದೇ ಆರೂವರೆಯ ಹತ್ತಿರ. ಜನವರಿಯಲ್ಲಿ ಇನ್ನೂ ತಡವಾಗುತ್ತದೆ. 6.15ಕ್ಕೆ ಎದ್ದು ಕತ್ತಲಲ್ಲಿ ತಾರಸಿಯ ಮೇಲೆ ನಿಂತರೆ ಏನಾದರೂ ಪ್ರಯೋಜನವಿದೆಯೇ?

ಶರೀರಕ್ರಿಯೆಯ ಮೇಷ್ಟ್ರು, ದಾವಣಗೆರೆ

ಇಲ್ಲ. ಚಳಿ ಮಾತ್ರ ಸಿಗುತ್ತದೆ. ಜನವರಿ ಮುಗಿಯುವವರೆಗೆ ಏಳರಿಂದ ಏಳೂವರೆಯವರೆಗೆ ಹೊರಗಿರಿ, ಸೊಪ್ಪು ಬಿಡಿಸುವ ಕೆಲಸವಿದ್ದರೆ ಅದನ್ನು ತಾರಸಿಗೇ ಒಯ್ಯಿರಿ. ಸೂರ್ಯನನ್ನು ನೇರವಾಗಿ ನೋಡಬೇಕಾಗಿಲ್ಲ, ನೋಡಲೂಬಾರದು. ಬಯಲಿನ ಬೆಳಕು ಕಣ್ಣಿಗೆ ಬಿದ್ದರೆ ಸಾಕು. 18ರಿಂದ 20ರವರೆಗಿನ ಮೂರು ರಾತ್ರಿಗಳಿಗೆ ಮಾತ್ರ ನನ್ನ ಬಳಿ ಔಷಧವಿಲ್ಲ. ರಾತ್ರಿಯೇ ಕಳಿಸುತ್ತೇನೆ ಎಂದ ಆ ಒಬ್ಬ ವರ್ತಕರಿಗೆ ಶುಲ್ಕ ಹೆಚ್ಚಿಸಿ ನೋಡಿ.